ಮಡಿಲಿನ ಗಿಟಾರು

"ಇವರು ಯಾರು?" ಎಂದು ಧಣಿಗಳು ಕೇಳಿದಾಗ "ನನ್ನ ಅಕ್ಕ" ಎಂದು ಹೇಳಬೇಕಿತ್ತು. ಎರಡೇ ಶಬ್ದ. ನನ್ನಿಂದ ಆಗಲಿಲ್ಲ.

ಅಕ್ಕ ಗಿಟಾರನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು ನುಡಿಸುತ್ತಿದ್ದಳು. ನುಡಿಸುತ್ತಿದ್ದಳು ಎಂದರೆ ತಪ್ಪಾಗುತ್ತದೆ. ಅದು ಪ್ಲಾಸ್ಟಿಕ್ಕಿನ ಗಿಟಾರು, ತಂತಿ ಇಲ್ಲ. ಕುತ್ತಿಗೆಯ ಕಡೆ ಬಣ್ಣದ ಗುಂಡಿಗಳು, ಹೊಟ್ಟೆಯ ಕಡೆ ಮೇಲೆ ಕೆಳಗೆ ಆಡುವ ಒಂದು ಪಟ್ಟಿ. ಎದುರಿನ ಟಿ.ವಿ.ಯಲ್ಲಿ ರಸ್ತೆಯಂಥ ಒಂದು ದಾರಿಯ ಮೇಲೆ ಬಣ್ಣದ ಬಿಲ್ಲೆಗಳು ಇಳಿದು ಬರುತ್ತವೆ. ಯಾವ ಬಣ್ಣ ಬಂತೋ ಆ ಗುಂಡಿ ಒತ್ತಿ, ಅದೇ ಕ್ಷಣ ಪಟ್ಟಿಯನ್ನು ಮೀಟಬೇಕು. ಸರಿಯಾದರೆ ಹಾಡು, ನಮ್ಮ ಕಡೆಯ ಮಾತಿನಲ್ಲಿ ಪದ್ಯ, ಮುಂದೆ ಹೋಗುತ್ತದೆ. ತಪ್ಪಿದರೆ ಟಿ.ವಿ.ಯೊಳಗೆ ಕೇಳಲು ಸೇರಿದ ಜನ ಕೂಗಿ ಓಡಿಸುತ್ತಾರೆ.

ಮೂಡುಬಿದಿರೆಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟಡದ ಮಾಳಿಗೆಯಲ್ಲಿ ಈ ಆಟದ ಅಂಗಡಿ ಇತ್ತು. ನಾನು ಅಲ್ಲಿ ಕೌಂಟರಿನಲ್ಲಿ ಕೂರುತ್ತಿದ್ದೆ. ಒಂಬತ್ತನೆಯಲ್ಲಿ ಶಾಲೆ ಬಿಟ್ಟವನಿಗೆ ಏಸಿ ರೂಮಿನ ಕೆಲಸ ಸಿಕ್ಕಿದ್ದು ನಮ್ಮ ಸಿದ್ಧಕಟ್ಟೆಯಲ್ಲಿ ಸಣ್ಣ ಸುದ್ದಿಯಲ್ಲ.

ಅಕ್ಕ ಸುಮತಿ ಬೀಡಿ ಕಟ್ಟುತ್ತಿದ್ದಳು. ಅಮ್ಮ ತೀರಿದ ಮೇಲೆ ನನ್ನನ್ನು ಬೆಳೆಸಿದ್ದು ಅವಳೇ. ಮೊರವನ್ನು ಮಡಿಲಿಗಿಟ್ಟು ಕೂತರೆ ಎಲೆ ಸುತ್ತುವುದು, ಬಾಯಿ ಮಡಚುವುದು, ನೂಲು ಹಾಕುವುದು ಎಲ್ಲ ಕೈಯೇ ಮಾಡಿಕೊಳ್ಳುತ್ತಿತ್ತು. ಕಣ್ಣು ಟಿ.ವಿ. ಧಾರಾವಾಹಿಯ ಮೇಲೆ, ಬಾಯಿ ನನ್ನನ್ನು ಬೈಯುವುದರ ಮೇಲೆ. ನಾನೂ ಚಿಕ್ಕವನಿದ್ದಾಗ ಕಟ್ಟಲು ನೋಡಿದ್ದೆ. ನನ್ನ ಬೀಡಿಗಳು ಗರ್ಭಿಣಿಯರ ಹಾಗೆ ಇರುತ್ತಿದ್ದವು. ಆಗ ಅಕ್ಕ ತುಳುವಿನಲ್ಲಿ ಹೇಳುತ್ತಿದ್ದ ಮಾತು ಇದು:

"ಕೈ ನೋಡ್ಬೇಡ ಮಾರಾಯ. ನೋಡಿದ್ರೆ ಕೈಗೆ ನಾಚಿಕೆ ಆಗ್ತದೆ."

ಒಂದು ದಿನ ನಾನು ಮರೆತುಬಿಟ್ಟಿದ್ದ ಬುತ್ತಿ ಹಿಡಿದುಕೊಂಡು ಅಂಗಡಿಗೆ ಬಂದಳು. ಗಿರಾಕಿಗಳಿರಲಿಲ್ಲ. ಗಿಟಾರನ್ನು ತೋರಿಸಿ ಇದೆಂತ ಎಂದು ಕೇಳಿದಳು. ಬೆಲ್ಟನ್ನು ಕುತ್ತಿಗೆಗೆ ಹಾಕಿಕೊಳ್ಳಬೇಕು ಎಂದೆ. ನೇತು ಹಾಕಿಕೊಳ್ಳಲು ತಾನೇನು ಚೆಂಡೆಯವಳೇ ಎಂದು ಕುರ್ಚಿಯಲ್ಲಿ ಕೂತು ಅದನ್ನು ಮೊರದ ಹಾಗೆ ಮಡಿಲಿಗಿಟ್ಟುಕೊಂಡಳು. ಟಿ.ವಿ.ಯೊಳಗೆ ಅಷ್ಟು ಜನ ನೋಡುತ್ತಿದ್ದಾರೆಂದು ಸೆರಗು ಸರಿಮಾಡಿಕೊಂಡಳು. ಮೊದಲ ಪದ್ಯಕ್ಕೆ ಜನ ಕೂಗಿದರು. ಅವರಿಗೆ ಯಾಕೆ ಅಷ್ಟು ಕೋಪ ಎಂದು ವಿಚಾರಿಸಿದಳು. ಎರಡನೆಯದಕ್ಕೆ ಸುಮ್ಮನಾದರು. ಮತ್ತೆ ಅವರು ಅಕ್ಕನ ಮೇಲೆ ಕೂಗಿದ್ದು ನನಗೆ ನೆನಪಿಲ್ಲ.

ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟ ದಿನ ಬಸ್ಸು ಹತ್ತಿ ಬರತೊಡಗಿದಳು. ಇಂಗ್ಲಿಷ್ ಪದ್ಯಗಳು ಅವಳಿಗೆ ಸೇರುತ್ತಿರಲಿಲ್ಲ. ಗಂಡಸರು ಹೀಗೆ ಅರಚಿದರೆ ನೂಲು ತುಂಡಾಗುತ್ತದೆ ಎಂದು ಶಬ್ದವನ್ನು ಪೂರ್ತಿ ತೆಗೆಸುತ್ತಿದ್ದಳು. ಸಂಗೀತದ ಆಟವನ್ನು ಸಂಗೀತವಿಲ್ಲದೆ ಆಡಿದವಳು ಅವಳೊಬ್ಬಳೇ ಇರಬೇಕು. ತಾಳ ಬೆರಳಲ್ಲಿಯೇ ಇತ್ತು. ಮನೆಯಲ್ಲಿ ಬೇರೆ ಯಾವುದಕ್ಕೂ ನಗದವಳು ಕೊನೆಯ ಬಿಲ್ಲೆ ಇಳಿದ ಮೇಲೆ ಸ್ವಲ್ಪ ನಗುತ್ತಿದ್ದಳು. ಅವಳಿಗೆ ಇದ್ದ ಆಟ ಅದೊಂದೇ.

ಒಂದು ಭಾನುವಾರ ಕಾಲೇಜು ಹುಡುಗರು ತಮ್ಮೊಳಗೇ ಪಂದ್ಯ ಇಟ್ಟುಕೊಂಡಿದ್ದರು. ನಾನು ಅವರೆದುರು ನಮ್ಮದು ತಂಬಾಕಿನ ವ್ಯಾಪಾರ ಎಂದು ಹೇಳಿಕೊಂಡಿದ್ದೆ. ಪೂರ್ತಿ ಸುಳ್ಳಲ್ಲ. ಅಕ್ಕ ಕೆಸುವಿನೆಲೆಯ ಪತ್ರೊಡೆಯ ಡಬ್ಬಿ ಹಿಡಿದು ಬಂದಳು. ಹುಡುಗರಲ್ಲಿ ಒಬ್ಬ ತಮಾಷೆಗೆ, ಆಂಟಿ ನೀವೂ ಆಡಿ ಎಂದ. ಆಂಟಿ ಕೂತಳು. ಒಬ್ಬೊಬ್ಬರಾಗಿ ಸೋತರು. ಅವರೆಲ್ಲ ನಿಂತುಕೊಂಡು, ತಲೆ ಅಲ್ಲಾಡಿಸುತ್ತ, ಮಧ್ಯೆ ಮಧ್ಯೆ ಕೈ ನೋಡಿಕೊಳ್ಳುತ್ತಿದ್ದರು.

ಗಲಾಟೆ ಕೇಳಿ ಧಣಿಗಳು ಒಳಗೆ ಬಂದರು. ಆಗಲೇ ಒಬ್ಬ ಹುಡುಗ ಮೂಗು ಮುಚ್ಚಿ, ಬೀಡಿ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಕೇಳಿದ. ಧಣಿಗಳು ನನ್ನ ಕಡೆ ತಿರುಗಿದರು.

"ಇವರು ಯಾರು? ನಿನ್ನವರಾ?"

ನಾನು ನನ್ನ ಕೈ ನೋಡಿಕೊಂಡೆ.

"ಅಲ್ಲ ಸಾರ್. ಗುಡಿಸ್ಲಿಕ್ಕೆ ಬಂದವರು."

ಅಕ್ಕ ಆ ಪದ್ಯವನ್ನು ಮುಗಿಸಿದಳು, ಒಂದೂ ತಪ್ಪಲಿಲ್ಲ. ಗಿಟಾರನ್ನು ಕುರ್ಚಿಯ ಮೇಲಿಟ್ಟು, ಬಾಗಿಲ ಹಿಂದಿನ ಹಿಡಿಸೂಡಿ ತಂದು, ಮೂಲೆಯಿಂದ ಗುಡಿಸತೊಡಗಿದಳು. ಸೋತ ಹುಡುಗರಿಗೆ ಕಾಲು ಎತ್ತಲು ಹೇಳಿದಳು. ಅವರು ಎತ್ತಿದರು. ಕಸವನ್ನು ಬುಟ್ಟಿಗೆ ಹಾಕಿ, ಸೂಡಿಯನ್ನು ಇದ್ದಲ್ಲಿಯೇ ಇಟ್ಟು, ನನ್ನೆದುರು ಬಂದು ನಿಂತಳು. ಹುಟ್ಟಿದಾರಭ್ಯ ನನ್ನೊಡನೆ ತುಳು ಬಿಟ್ಟು ಬೇರೆ ಭಾಷೆ ಆಡದವಳು ಕನ್ನಡದಲ್ಲಿ ಕೇಳಿದಳು:

"ಇನ್ನೆಂತಾದ್ರೂ ಕೆಲಸ ಉಂಟಾ ಸಾರ್?"

ಇಲ್ಲ ಎಂದೆ. ಹೋದಳು. ಚೆನ್ನಾಗಿ ಗುಡಿಸುತ್ತಾಳೆ, ದಿನಾ ಬರಲಿ ಎಂದು ಧಣಿಗಳು ಹೇಳಿದರು. ಪತ್ರೊಡೆಯನ್ನು ಹುಡುಗರು ತಿಂದರು.

ಆ ಸಂಜೆ ಮನೆಯಲ್ಲಿ ಅವಳು ಎಂದಿನಂತೆ ಅನ್ನ ಬಡಿಸಿದಳು, ಎಂದಿನಂತೆ ಬೈದಳು. ಅಂಗಡಿಗೆ ಮಾತ್ರ ಮತ್ತೆ ಬರಲಿಲ್ಲ. ಒಮ್ಮೆ ಧೈರ್ಯ ಮಾಡಿ ನಾಳೆ ಬಾ ಅಕ್ಕ ಎಂದೆ. ಗುಡಿಸಲಿಕ್ಕೆ ಉಂಟಾ ಎಂದು ಕೇಳಿದಳು. ಸಿಟ್ಟಿನಿಂದಲ್ಲ. ಕೆಲಸದ ವಿಷಯ ವಿಚಾರಿಸಿದ ಹಾಗೆ.

ಆಮೇಲೆ ಬೀಡಿ ಕೆಲಸ ಕಮ್ಮಿಯಾಯಿತು. ಅಕ್ಕ ಉಜಿರೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಗೆ ಸೇರಿ ಅಲ್ಲೇ ಉಳಿದಳು. ಫೋನು ಮಾಡಿದರೆ ಮಾತಾಡುತ್ತಿದ್ದಳು. ನಾನು ಹೇಳಬೇಕಾದದ್ದು ಬಿಟ್ಟು ಮಳೆ, ತೆಂಗಿನಕಾಯಿ ಎಲ್ಲವನ್ನೂ ಹೇಳುತ್ತಿದ್ದೆ. ಅಷ್ಟರಲ್ಲಿ ಹುಡುಗರೆಲ್ಲ ಮೊಬೈಲಿನಲ್ಲೇ ಆಡತೊಡಗಿ ಅಂಗಡಿ ಮುಚ್ಚಿತು. ಬೇಕಾದ್ದು ಕೊಂಡುಹೋಗು ಎಂದರು ಧಣಿಗಳು. ನಾನು ಗಿಟಾರು ತಂದೆ. ಮನೆಯಲ್ಲಿ ಅಕ್ಕನ ಮೊರದ ಪಕ್ಕದಲ್ಲಿ ಅದು ಬಹಳ ಸಮಯ ಇತ್ತು. ಎರಡರ ಮೇಲೂ ಧೂಳು ಕೂತಿತು.

ಹೋದ ತಿಂಗಳು ಅದನ್ನು ಒರೆಸಿ ಉಜಿರೆಗೆ ಹೊರಟೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು, ಕಾರ್ಯಕ್ರಮ ಎಲ್ಲಿ ಎಂದು ಗೌರವದಿಂದ ಕೇಳಿದ. ಹಾಸ್ಟೆಲಿನಲ್ಲಿ ಎಂದೆ.

ಮಧ್ಯಾಹ್ನದ ಊಟದ ಹೊತ್ತು. ಹುಡುಗಿಯರು ಬಟ್ಟಲು ಹಿಡಿದು ಸಾಲು ನಿಂತಿದ್ದರು. ಅಕ್ಕ ಸಾಂಬಾರು ಬಡಿಸುತ್ತಿದ್ದಳು, ಸೌಟು ನೋಡದೆ, ಹುಡುಗಿಯರ ಮುಖ ನೋಡುತ್ತ. ಕೂದಲು ನರೆತಿತ್ತು. ನಾನು ಗಿಟಾರು ಹಿಡಿದು ಸಾಲಿನ ತುದಿಯಲ್ಲಿ ನಿಂತೆ, ನನ್ನ ಸರದಿ ಬರುವವರೆಗೆ. ಮುಂದಿದ್ದ ಹುಡುಗಿ ನನ್ನನ್ನೂ ಗಿಟಾರನ್ನೂ ನೋಡಿ, ಯಾರು ಆಂಟಿ ಇವರು ಎಂದು ಕೇಳಿದಳು.

ಅಕ್ಕ ನನ್ನನ್ನು ನೋಡಿದಳು.

"ಗೊತ್ತಿಲ್ಲ ಮಗಾ. ರಿಪೇರಿಯವರಿರಬೇಕು."

ಇಡೀ ಊಟದ ಕೋಣೆಗೆ ಕೇಳುವ ಹಾಗೆ ನಾನು ಮಾತಾಡಿದೆ. ಈ ಸಲ ಕೈ ನೋಡಿಕೊಳ್ಳಲಿಲ್ಲ.

"ಇವರು ನನ್ನ ಅಕ್ಕ. ಬೀಡಿ ಕಟ್ಟಿ ನನ್ನನ್ನು ಸಾಕಿದವರು. ಈ ಆಟದಲ್ಲಿ ಇವರನ್ನು ಸೋಲಿಸಿದವರಿಲ್ಲ. ಎಲ್ಲರ ಎದುರು ನಾನು ಇವರನ್ನು ಗುಡಿಸುವವರು ಅಂತ ಹೇಳಿದೆ. ತಪ್ಪಾಯ್ತು ಅಕ್ಕ."