ಪಶ್ಚಿಮದ ಕನ್ನಡಿಯಾಕೆ

ಸೂರ್ಯ ಹುಟ್ಟಲು ಇನ್ನೂ ಮುಕ್ಕಾಲು ಗಂಟೆ ಇದೆ. ಹದಿನಾಲ್ಕು ಮೆಟ್ಟಿಲ ಏಣಿಯ ತುದಿಯಲ್ಲಿ ನಿಂತ ಹೆಂಗಸು ಹತ್ತಿಬಟ್ಟೆಯಿಂದ ದೊಡ್ಡ ಕನ್ನಡಿಯೊಂದನ್ನು ಒರೆಸುತ್ತಿದ್ದಾರೆ. ಕಣ್ಣು ಮಾತ್ರ ಅಂಗಳದ ಆಚೆ ತುದಿಯ ಇನ್ನೊಂದು ಕನ್ನಡಿಯ ಮೇಲೆ. ಅಲ್ಲಿ ಏಣಿ ಹತ್ತಿರುವವರು ಇವರ ವಾರಗಿತ್ತಿ.

"ನೋಡಿ, ಆಗ್ಲೇ ಇಳೀತಿದಾಳೆ. ಅದೇನು ಒರೆಸ್ತಾಳೋ," ಎನ್ನುತ್ತಾರೆ, ಬರೆಯಲೆಂದು ಬಂದು ಏಣಿಯ ಬುಡದಲ್ಲಿ ನಿಂತ ನನಗೆ.

ನಕ್ಷತ್ರಗಳ ಗಾತ್ರ ಅಳೆಯುವ ಈ ಕೇಂದ್ರದಲ್ಲಿ ಇಬ್ಬರೂ ಹತ್ತೊಂಬತ್ತು ವರ್ಷದಿಂದ ಕನ್ನಡಿ ತೊಳೆಯುತ್ತಿದ್ದಾರೆ. ಹಿರಿಯಾಕೆಗೆ ಪೂರ್ವದ್ದು, ಕಿರಿಯಾಕೆಯಾದ ಇವರಿಗೆ ಪಶ್ಚಿಮದ್ದು. ಒಂದೊಂದರಲ್ಲೂ ನೂರಹನ್ನೆರಡು ತುಂಡು. ಬಿಸಿಲು ಬೀಳುವ ಮೊದಲು ತೊಳೆದು ಹೊದಿಕೆ ಎಳೆಯಬೇಕು; ಇಲ್ಲದಿದ್ದರೆ ಕನ್ನಡಿಯೇ ಬಿಸಿಲನ್ನು ಒಂದೆಡೆ ಸೇರಿಸಿ ಎದುರಿನ ಯಂತ್ರವನ್ನು ಸುಟ್ಟೀತು. ಆಮೇಲೆ ಮನೆಗೆ ಹೋಗಿ ಒಂದೇ ಅಡುಗೆಮನೆಯಲ್ಲಿ ಮುಖ ತಿರುಗಿಸಿಕೊಂಡು ನಿಲ್ಲುತ್ತಾರೆ.

ಯಾವ ಕನ್ನಡಿ ಎಷ್ಟು ಬೆಳಕು ಹಿಡಿಯಿತು ಎಂಬುದು ದಿನಾ ಗೋಡೆಯ ಫಲಕದಲ್ಲಿ ಬರುತ್ತದೆ. ದೂಳಿನ ಗಾಳಿ ಬೀಸುವ ಪಶ್ಚಿಮದ್ದೇ ಯಾವಾಗಲೂ ಕಡಿಮೆ. ಅತಿಥಿಗಳು ಫೋಟೊ ತೆಗೆಸಿಕೊಳ್ಳುವುದು ಪೂರ್ವದ ಕನ್ನಡಿಯ ಮುಂದೆ. "ಹೊಟ್ಟೆ ಉರಿಯಲ್ವಾ? ನಮ್ಮತ್ತೆಗೂ ಅವಳೇ ಮೆಚ್ಚು," ಎನ್ನುತ್ತಾರೆ ಇವರು, ಎಳ್ಳಷ್ಟೂ ಸಂಕೋಚವಿಲ್ಲದೆ.

ಹೋದ ತಿಂಗಳು ಹಿರಿಯಾಕೆ ಜ್ವರ ಬಂದು ಮಲಗಿದರು. ಬದಲಿ ಜನವಿಲ್ಲ. ಮೂರೇ ದಿನಕ್ಕೆ ಪೂರ್ವದ ಕನ್ನಡಿ ಮಬ್ಬಾಗಿ, ಮೊದಲ ಸಲ ಪಶ್ಚಿಮದ್ದು ಮುಂದಾಯಿತು. ಇವರು ಹಿಗ್ಗಿ ಹೀರೇಕಾಯಿಯಾದರು. ಆದರೆ ಕೇಂದ್ರದ ವಿಜ್ಞಾನಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು.

ನಕ್ಷತ್ರದ ಬೆಳಕು ಕ್ಷಣಕ್ಷಣಕ್ಕೂ ಸಣ್ಣಗೆ ಏರಿಳಿಯುತ್ತದಂತೆ. ಎರಡೂ ಕನ್ನಡಿ ಕಂಡ ಏರಿಳಿತ ತಾಳೆಯಾಗಬೇಕು. ಕನ್ನಡಿಗಳನ್ನು ಹಳಿಯ ಮೇಲೆ ದೂರ ಸರಿಸಿದಂತೆಲ್ಲ ಆ ತಾಳೆ ಎಷ್ಟು ಬೇಗ ತಪ್ಪುತ್ತದೆ ಎಂಬುದರಿಂದ ಗಾತ್ರ ಸಿಗುತ್ತದೆ. ಒಂದು ಮಬ್ಬಾದರೆ ಇನ್ನೊಂದು ಎಷ್ಟು ಹೊಳೆದರೂ ದಂಡ. ಅಳೆಯುತ್ತಿದ್ದ ನಕ್ಷತ್ರ ಇನ್ನೊಂದು ವಾರದಲ್ಲಿ ಮರೆಯಾಗುವುದಿತ್ತು, ಮತ್ತೆ ಕಾಣುವುದು ಮುಂದಿನ ವರ್ಷ.

ಮಾರನೆಯ ಬೆಳಗ್ಗೆ ಇವರು ತಮ್ಮ ಕನ್ನಡಿ ಮುಗಿಸಿ, ಬೈದುಕೊಳ್ಳುತ್ತಲೇ ಪೂರ್ವದ ಏಣಿಗೂ ಓಡಿದರು. ಹೀಗೆ ಐದು ದಿನ. ಗಾತ್ರ ಸಿಕ್ಕಿತು. ರಾತ್ರಿಯಿಡೀ ದುಡಿದು ಬೆಳಗ್ಗೆ ಮಲಗುವ ವಿಜ್ಞಾನಿಗೆ ಏಣಿ ಹತ್ತಿದವರು ಯಾರೆಂದು ಏನು ಗೊತ್ತು? ಜ್ವರದಲ್ಲೂ ಬಂದು ತೊಳೆದರೆಂದು ಹಿರಿಯಾಕೆಯನ್ನು ಎಲ್ಲರೆದುರು ಹೊಗಳಿದರು. ಆಕೆ ಸುಮ್ಮನೆ ನಕ್ಕು ಕೂತರು.

ಆಗಲೇ ಯಾಕೆ ಹೇಳಲಿಲ್ಲ ಎಂದರೆ ಇವರು ಬಟ್ಟೆ ಹಿಂಡಿ ಒಣಹಾಕುತ್ತಾರೆ. ನಿಮ್ಮ ಬಗ್ಗೆ ಏನು ಬರೆಯಲಿ ಎಂದು ಕೇಳುತ್ತೇನೆ.

"ಆ ಐದು ದಿನ ತೊಳ್ದಿದ್ದು ನಾನು ಅಂತ ಬರೀರಿ, ಸಾಕು. ವಿಜ್ಞಾನಿಗಳು ಓದದೇ ಇದ್ರೂ ಪರವಾಗಿಲ್ಲ. ಅವಳು ಓದ್ತಾಳೆ."