ಪಂಚೆ ಉಟ್ಟು ಪಬ್ಬಿಗೆ ಬಂದ ಮಾಷ್ಟ್ರು

ಮೂಡುಬಿದಿರೆಯಲ್ಲಿ ಹೊಸದಾಗಿ ಆದ ಪಬ್ಬಿನ ಬಾಗಿಲು ಕಾಯುವ ಕೆಲಸ ನನ್ನದು. ಒಂದು ಶನಿವಾರ ಸಂಜೆ, ಬೆಳ್ತಂಗಡಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದ ಮಾಷ್ಟ್ರು ಬಿಳಿ ಪಂಚೆ ಉಟ್ಟು ನನ್ನೆದುರು ಬಂದು ನಿಂತರು.

"ಇಲ್ಲಿ ಇವತ್ತು ನನ್ನ ಮಗಳ ಹಾಡು ಉಂಟಂತೆ. ಅವಳಿಗೆ ಹೇಳದೆ ಬಂದಿದ್ದೇನೆ" ಎಂದರು.

ಪಂಚೆ ಉಟ್ಟವರನ್ನು ಒಳಗೆ ಬಿಡಬಾರದೆಂದು ನಮಗೆ ಆರ್ಡರ್ ಇತ್ತು. ಮ್ಯಾನೇಜರರ ಹತ್ತಿರ ಹೋಗಿ ಬೇಡಿಕೊಂಡೆ. "ಒಬ್ಬರನ್ನು ಬಿಟ್ಟರೆ ನಾಳೆ ಎಲ್ಲರೂ ಬರ್ತಾರೆ" ಎಂದ ಅವರು ಮೊಬೈಲಿನಿಂದ ತಲೆ ಎತ್ತಲೂ ಇಲ್ಲ.

ಹೊರಗೆ ಬಂದು ಮಾಷ್ಟ್ರಿಗೆ ಅದನ್ನು ಹೇಳಿದೆ. "ಮಗಳನ್ನು ಕರೆಯಲಾ ಸಾರ್?"

"ಬೇಡ ಮಾರಾಯ. ಅವಳಿಗೆ ಬೇಜಾರಾದರೆ ಮತ್ತೆ ಹಾಡ್ಲಿಕ್ಕೆ ಆಗುವುದಿಲ್ಲ. ನಾನು ಇಲ್ಲೇ ನಿಂತು ಕೇಳ್ತೇನೆ."

ಗಿರಾಕಿಗಳು ಬಂದಾಗಲೆಲ್ಲ ಬಾಗಿಲನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದು ಹಿಡಿದೆ. ಡ್ರಮ್ಮಿನ ಸದ್ದು ಬಿಟ್ಟರೆ ಬೇರೇನೂ ಹೊರಗೆ ಬರಲಿಲ್ಲ. ಬೆಳ್ತಂಗಡಿಯ ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ಮಾಷ್ಟ್ರು ನನ್ನ ಭುಜ ತಟ್ಟಿ ಹೊರಟರು.

ಅವರು ರಸ್ತೆ ದಾಟುವಷ್ಟರಲ್ಲಿ ಒಳಗೆ ಹುಡುಗಿಯ ಹಾಡು ಶುರುವಾಯಿತು. ಬಾಗಿಲು ಬಿಟ್ಟು ಓಡುವ ಹಾಗಿರಲಿಲ್ಲ. "ಸಾರ್" ಎಂದು ಎರಡು ಸಲ ಕೂಗಿದೆ. ವಾಹನಗಳ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ.