ಪಾಪರ್ ಅನ್ನಿಸಿಕೊಳ್ಳಲು ಪಟ್ಟ ಪಾಡು

ಬಡವರು ಶುಲ್ಕ ಕಟ್ಟದೆ ದಾವೆ ಹೂಡಬಹುದೆಂದು ಬ್ರಿಟಿಷರ ಕಾಲದಲ್ಲಿ ಒಂದು ಕಾಯಿದೆಯಿತ್ತು. ಅದಕ್ಕೆ ಪಾಪರ್ ದಾವೆ, ಅಂದರೆ ನಿರ್ಗತಿಕರ ದಾವೆ, ಎನ್ನುತ್ತಿದ್ದರು. ಕೇಳಲು ಧರ್ಮದ ಮಾತು. ಆದರೆ ಉಟ್ಟ ಬಟ್ಟೆ ಬಿಟ್ಟರೆ ನಮ್ಮ ಬಳಿ ಏನೂ ಇಲ್ಲವೆಂದು ಮೊದಲು ಕೋರ್ಟಿಗೆ ತೋರಿಸಬೇಕು. ಹಸಿದವರ ಮುಖ ನೋಡಿದರೆ ಸಾಲದು, ಹಸಿವಿಗೂ ಸಾಕ್ಷಿ ಬೇಕು.

ಮಕ್ಕಳೇ, ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ತಾಯಿ ಇನ್ನೂ ತೊಟ್ಟಿಲಲ್ಲಿದ್ದಳು. ಅಜ್ಜನ ಅಣ್ಣ, ಅಂದರೆ ನನ್ನ ಭಾವ, ತಾಯಿ-ಮಗಳು ನಮ್ಮಿಬ್ಬರನ್ನೂ ಮೂಡಲಗಿ ಹತ್ತಿರದ ಮನೆಯಿಂದ ಹೊರಗೆ ಹಾಕಿದ. ನಾನು ಕೇಳಿದ್ದು ಇರಲು ಒಂದು ಖೋಲಿ, ತಿನ್ನಲು ಜೋಳ, ಅಷ್ಟೇ. ಹುಕ್ಕೇರಿ ಕಡೆಯ ಒಬ್ಬ ವಕೀಲರು ಫೀ ಇಲ್ಲದೆ ದಾವೆ ನಡೆಸಿಕೊಡಲು ಒಪ್ಪಿದರು.

“ಕೋರ್ಟಿಗೆ ಬರೂಮುಂದ ಹರಕ ಸೀರಿ ಉಟ್ಕೊಂಡ ಬರ್ರಿ,” ಎಂದು ಬುದ್ಧಿ ಹೇಳಿದರು.

“ಇರೂವೇ ಎರಡು, ಎರಡಕ್ಕೂ ತೇಪಿ ಹಾಕೀವಿ,” ಎಂದಳು ಜೊತೆಗೆ ಬಂದಿದ್ದ ನನ್ನವ್ವ. “ಹೊಲಿದದ್ದು ಉಟ್ರ ಸಿರಿವಂತರಾಗ್ತೀವೇನ್ರಿ?”

ವಿಚಾರಣೆಯ ದಿನ ಅರಭಾವಿ ದಾಟಿ ಎತ್ತಿನ ಚಕ್ಕಡಿಯಲ್ಲಿ ಕೋರ್ಟಿಗೆ ಹೋದೆವು. ಭಾವನ ವಕೀಲ ನನ್ನ ಕೊರಳನ್ನೇ ದಿಟ್ಟಿಸಿದ.

“ಕೊರಳಾಗ ಏನೈತಿ?”

“ಲಿಂಗ ಐತ್ರಿ,” ಎಂದೆ.

“ಲಿಂಗ ಗೊತ್ತೈತಿ. ಲಿಂಗ ಇಟ್ಟ ಕರಡಿಗಿ ಎದರದು?”

“ಬೆಳ್ಳೀದ್ರಿ.”

“ಬೆಳ್ಳಿ, ಸಾಹೇಬ್ರ!” ಎಂದು ಅವನು ನ್ಯಾಯಾಧೀಶರ ಕಡೆ ತಿರುಗಿದ. “ಬೆಳ್ಳಿ ಹಾಕ್ಕೊಂಡಾಕಿ ಪಾಪರ್ ಹ್ಯಾಂಗ ಆಗ್ತಾಳ್ರಿ?”

ಮದುವೆಯಲ್ಲಿ ಗಂಡನ ಮನೆಯವರು ಕಟ್ಟಿದ ನೆಲ್ಲಿಕಾಯಿಯಷ್ಟು ಕರಡಿಗೆ ಆ ಓದಿದ ಮನುಷ್ಯನಿಗೆ ಖಜಾನೆಯಾಗಿ ಕಂಡಿತು. ಭಾವನ ಎದೆಯ ಮೇಲೆ ಅದಕ್ಕಿಂತ ದೊಡ್ಡದು ಹೊಳೆಯುತ್ತಿತ್ತು. ಅದು ಭಕ್ತಿ, ನನ್ನದು ಆಸ್ತಿ.

ಅವ್ವ ಬಾಗಿಲಿನಿಂದಲೇ ಕೂಗಿದಳು: “ಆಕೀಗೆ ಮನಿ ಬಿಡಿಸಿದ್ರಿ. ಇನ್ನ ಕೊರಳಾಗಿನ ಲಿಂಗಯ್ಯಗೂ ಮನಿ ಬಿಡಸ್ತೀರೇನ್ರಿ, ಬೀಗರ?”

“ಗಪ್ಪ ಕುಂಡರಬೇ!” ಎಂದು ಕೋರ್ಟಿನ ಜವಾನ ಪಟ್ಟೇವಾಲಾ ಗದರಿದ.

ನಾನು ಗೋಡೆಯ ಕಡೆ ತಿರುಗಿ ಲಿಂಗವನ್ನು ತೆಗೆದು ವಸ್ತ್ರದಲ್ಲಿ ಕಟ್ಟಿಕೊಂಡೆ. ಬರಿದಾದ ಕರಡಿಗೆಯನ್ನು ಭಾವನ ಮುಂದೆ ಹಿಡಿದೆ.

“ತಗೋರಿ ಭಾವಾರ. ನಿಮ್ಮ ಮನೀದು. ನೀವ ಇಟ್ಕೋರಿ.”

ಮಾನವಿದ್ದವನಾದರೆ ಕೈ ಹಿಂದೆ ಎಳೆದುಕೊಳ್ಳುತ್ತಿದ್ದ. ಇವನು ಇಸಿದುಕೊಂಡ. ಅಂಗೈಯಲ್ಲಿ ಒಮ್ಮೆ ತೂಗಿ ನೋಡಿ ಕೋಟಿನ ಕಿಸೆಗೆ ಹಾಕಿದ. ಅವನ ವಕೀಲ ಹಣೆ ಹಣೆ ಬಡಿದುಕೊಂಡ.

“ವಾಪಸ್ ಕೊಡ್ರಿ ಮಾರಾಯ್ರ, ಕೇಸ್ ಕೆಡತೈತಿ!”

“ತಾನಾಗೇ ಕೊಟ್ಟದ್ದ ಯಾಕ ಬಿಡ್ಲಿರಿ?” ಎಂದ ಭಾವ.

ನ್ಯಾಯಾಧೀಶರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು, “ಈಗ ಈ ಹೆಣ್ಣುಮಗಳ ಹತ್ರ ಏನೈತಿ, ವಕೀಲ ಸಾಹೇಬ್ರ?” ಎಂದು ಕೇಳಿದರು. ಅಲ್ಲಿಯೇ ಹುಕುಂ ಆಯಿತು, ನಾನು ಪಾಪರ್ ಆದೆ. ನನ್ನ ಬಡತನಕ್ಕೆ ಭಾವನೇ ಸಾಕ್ಷಿ ಹೇಳಿದಂತಾಯಿತು.

ದಾವೆ ಮಾತ್ರ ಎಳೆಯುತ್ತಲೇ ಹೋಯಿತು. ನಿಮ್ಮ ತಾಯಿ ಕೋರ್ಟಿನ ಮೆಟ್ಟಿಲು ಹಿಡಿದೇ ನಡೆಯಲು ಕಲಿತಳು. ಕೊನೆಗೆ ಅದೇ ಮನೆಯ ದನದ ಕೊಟ್ಟಿಗೆಯ ಬಾಜೂ ಒಂದು ಖೋಲಿ, ವರ್ಷದ ಜೋಳ ನಮಗೆ ಬಂದವು. ಹುಕುಂ ಬಂದ ವಾರವೇ ಭಾವ ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಕುಳಿತು, “ತಮ್ಮನ ಹೇಂತಿ, ಪಾಪ, ಎಲ್ಲಿಗೆ ಹೋಗಬೇಕ್ರಿ? ನನಗ ಕರುಣಾ ಬಂತು, ಕರದ ಇಟ್ಕೊಂಡೆ,” ಎಂದು ಹೇಳಿಕೊಂಡ. ಕೋರ್ಟಿಗೆ ಬಂದು ಎಲ್ಲವನ್ನೂ ಕಣ್ಣಾರೆ ಕಂಡಿದ್ದ ಹಿರಿಯರೂ ಅಲ್ಲಿ ಕುಳಿತು, ಹೌದೌದು ಎಂದು ತಲೆಯಾಡಿಸಿದರು.